ಮಹಡಿ ಲೆಕ್ಕ ಆಮೇಲೆ, ಮೊದಲು ಬೇಸ್‌ಮೆಂಟ್ ತೋರಿಸಿ

ಚಿಕ್ಕಮಗಳೂರು ಜಿಲ್ಲಾಧಿಕಾರಿಗಳಿಗೆ, ನಗರಸಭೆಯ ಅಧ್ಯಕ್ಷರು, ಸದಸ್ಯರು ಮತ್ತು ಪೌರಾಯುಕ್ತರಿಗೆ, ನಗರಾಭಿವೃದ್ಧಿ ಪ್ರಾಧಿಕಾರದವರಿಗೆ,

ಮಾನ್ಯರೇ, ನಮಸ್ಕಾರ.

ಊರೊಳಗೆ ಎತ್ತರದ ಹೋಟೆಲ್ ಒಂದು ಬರಬೇಕು, ಅದರ ಕೆಳಗಿನ ಮಹಡಿಗಳಲ್ಲಿ ದೊಡ್ಡ ಶಾಪಿಂಗ್ ಕಾಂಪ್ಲೆಕ್ಸ್ ಇರಬೇಕು ಎನ್ನುವ ಮಾತು ಚಿಕ್ಕಮಗಳೂರಿನಲ್ಲಿ ಆಗಾಗ ಏಳುತ್ತಲೇ ಇರುತ್ತದೆ. ಎಂ.ಜಿ. ರಸ್ತೆಯ ಅಂಗಡಿಗಳಲ್ಲಿ, ಆಜಾದ್ ಪಾರ್ಕ್ ಸುತ್ತಮುತ್ತ, ಬೆಳಗಿನ ವಾಕಿಂಗ್‌ನಲ್ಲಿ ಇದೇ ಚರ್ಚೆ. ಎಂಟು ಮಹಡಿ ಸಾಕು ಅಂತ ಒಬ್ಬರು, ಹನ್ನೆರಡಾದರೂ ಬೇಕು ಅಂತ ಇನ್ನೊಬ್ಬರು. ಬೇಕು ಅನ್ನುವವರೂ ಬೇಡ ಅನ್ನುವವರೂ ಜಗಳ ಆಡುವುದು ಮಾತ್ರ ಮಹಡಿಗಳ ಲೆಕ್ಕದ ಮೇಲೆ. ಇವತ್ತಲ್ಲ ನಾಳೆ ಇಂಥದ್ದೊಂದು ನಕ್ಷೆ ನಿಮ್ಮ ಮೇಜಿಗೆ ಬಂದೇ ಬರುತ್ತದೆ. ಅದಕ್ಕೇ ಈಗಲೇ ಬರೆಯುತ್ತಿದ್ದೇನೆ. ನಕ್ಷೆ ಬಂದ ಮೇಲೆ ಬರೆದರೆ ಯಾರೋ ಒಬ್ಬ ಮಾಲೀಕರ ಮೇಲಿನ ತಕರಾರು ಅನ್ನಿಸಿಕೊಳ್ಳುತ್ತದೆ.

ನಾನು ಇದೇ ಊರಿನ ಒಂದು ಕಾಂಪ್ಲೆಕ್ಸ್‌ನಲ್ಲಿ ಮಳಿಗೆ ಬಾಡಿಗೆಗೆ ಹಿಡಿದು ಸ್ಟೇಷನರಿ ಮತ್ತು ಜೆರಾಕ್ಸ್ ಅಂಗಡಿ ನಡೆಸುವವನು. ನನ್ನ ಮನವಿ ಒಂದೇ. ಕಟ್ಟಡ ಎಷ್ಟು ಎತ್ತರ ಎಂದು ನೋಡುವ ಮೊದಲು ಅದರ ನೆಲದಲ್ಲಿ, ನೆಲದ ಕೆಳಗೆ ಏನಿದೆ ಎಂದು ನೋಡಿ. ಪಾರ್ಕಿಂಗ್, ನೀರು, ಚರಂಡಿ, ಮೆಟ್ಟಿಲು, ರಸ್ತೆಗೆ ತೆರೆಯುವ ಬಾಗಿಲು. ಇವು ಸರಿ ಇದ್ದರೆ ಎತ್ತರಕ್ಕೆ ನನ್ನ ವಿರೋಧ ಇಲ್ಲ. ಇವು ಸರಿ ಇಲ್ಲದಿದ್ದರೆ ಮೂರು ಮಹಡಿಗೂ ಒಪ್ಪಿಗೆ ಕೊಡಬೇಡಿ.

ಎತ್ತರಕ್ಕೆ ಯಾಕೆ ವಿರೋಧ ಇಲ್ಲ ಎಂದು ಮೊದಲು ಹೇಳಬೇಕು, ಯಾಕಂದ್ರೆ ನನ್ನ ಸ್ನೇಹಿತರಲ್ಲೇ ಬಹಳ ಜನ ಇದನ್ನು ಒಪ್ಪುವುದಿಲ್ಲ. ಬೆಟ್ಟ ಕಾಣುವ ಊರಿಗೆ ದೊಡ್ಡ ಕಟ್ಟಡ ಬೇಡ ಅಂತಾರೆ. ಅವರ ನೋವು ನನಗೂ ಅರ್ಥವಾಗುತ್ತದೆ. ಮಳೆ ಬಿಟ್ಟ ಬೆಳಿಗ್ಗೆ ಚಂದ್ರದ್ರೋಣ ಪರ್ವತದ ಸಾಲು ಕಾಣುವುದು ಈ ಊರಿನ ಭಾಗ್ಯ. ಅದನ್ನು ಹೋಟೆಲಿನ ಮೇಲಿನ ಮಹಡಿಯಲ್ಲಿ ಕೋಣೆ ಹಿಡಿದವರಿಗಷ್ಟೇ ಬಿಟ್ಟುಕೊಡಬಾರದು. ಯಾವ ರಸ್ತೆಯಿಂದ ಬೆಟ್ಟ ಕಾಣುತ್ತದೋ ಆ ನೋಟಕ್ಕೆ ಅಡ್ಡ ಬರದ ಜಾಗವನ್ನೇ ಆರಿಸಬೇಕು. ಆದರೆ ಊರಲ್ಲಿ ಕೋಣೆ ಇಲ್ಲದಿದ್ದರೆ ಪ್ರವಾಸಿಗಳು ಬರುವುದನ್ನು ಬಿಡುತ್ತಾರಾ? ಇಲ್ಲ. ಬೆಟ್ಟದ ದಾರಿಯಲ್ಲಿರುವ ಕೈಮರ ದಾಟಿ ಮೇಲೆ ಹೋಗುತ್ತಾರೆ. ಅಲ್ಲಿ ಗುಡ್ಡದ ಪಕ್ಕ ಕೊರೆದು ಕಾಟೇಜು ಏಳುತ್ತದೆ. ಒಂದೊಂದು ರೆಸಾರ್ಟಿಗೂ ಒಂದು ರಸ್ತೆ, ಒಂದು ಬೋರ್‌ವೆಲ್, ಒಂದು ಶೌಚದ ಗುಂಡಿ, ಜೆಸಿಬಿ ಎಳೆದು ಹಾಕಿದ ಮಣ್ಣಿನ ರಾಶಿ. 2019ರ ಆಗಸ್ಟ್ ಮಳೆಗೆ ಮೂಡಿಗೆರೆ ತಾಲ್ಲೂಕಿನ ಮಲೆಮನೆಯಲ್ಲಿ ಗುಡ್ಡ ಕುಸಿದದ್ದನ್ನು ನಾವ್ಯಾರೂ ಮರೆತಿಲ್ಲ. ಅದು ರೆಸಾರ್ಟಿನಿಂದ ಆಯಿತು ಎಂದು ನಾನು ಹೇಳುತ್ತಿಲ್ಲ. ನಮ್ಮ ಮಲೆನಾಡಿನ ಮಣ್ಣು ಒಂದೇ ವಾರದ ಮಳೆಗೆ ಹೇಗೆ ಕೈಬಿಡುತ್ತದೆ ಎನ್ನುವುದು ಅಂದು ಕಣ್ಣಾರೆ ಕಂಡಿತು. ಅಂಥ ಗುಡ್ಡದಲ್ಲಿ ನೂರು ಕೋಣೆ ಹರಡುವುದಕ್ಕಿಂತ ಊರಿನ ಅರ್ಧ ಎಕರೆಯಲ್ಲಿ ನೂರು ಕೋಣೆ ಮೇಲಕ್ಕೆ ಕಟ್ಟುವುದು ಒಳ್ಳೆಯದು. ಬಸ್ ಇಳಿದವರು ನಡೆದೇ ಹೋಗಬಹುದು. 2013ರಲ್ಲಿ ಕಡೂರಿನಿಂದ ರೈಲು ಬಂತು. ಆ ರೈಲು ಹತ್ತಿ ಬಂದವರಿಗೂ ಊರೊಳಗೆ ಒಳ್ಳೆಯ ಕೋಣೆ ಸಿಕ್ಕಿದರೆ ಕಾರು ಬೇಕಿಲ್ಲ.

ಇನ್ನು ಪಾರ್ಕಿಂಗ್. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ನಗರ ಯೋಜನೆ ಮಾಡುವವರು ಬೇಸ್‌ಮೆಂಟಿನಲ್ಲಿ ಒಂದು ಕಾರಿಗೆ 32 ಚದರ ಮೀಟರ್ ಲೆಕ್ಕ ಹಿಡಿಯುತ್ತಾರೆ. ನಿಲ್ಲುವ ಜಾಗದ ಜೊತೆಗೆ ತಿರುಗುವ, ಓಡಾಡುವ ದಾರಿಯೂ ಅದರಲ್ಲಿ ಸೇರಿದೆ. ನೂರು ಕೋಣೆಯ ಹೋಟೆಲ್ ಎಂದಿಟ್ಟುಕೊಳ್ಳಿ. ಶನಿವಾರ, ಭಾನುವಾರ ನಮ್ಮೂರಿಗೆ ಬರುವವರಲ್ಲಿ ಕೋಣೆಗೊಂದು ಕಾರು ಖಂಡಿತ ಇರುತ್ತದೆ. ಅಂದರೆ ಅತಿಥಿಗಳ ಕಾರಿಗೇ 3,200 ಚದರ ಮೀಟರ್ ಬೇಕು. ಇಪ್ಪತ್ತು ಗುಂಟೆಯ ಜಾಗ ಇರುವುದೇ ಸುಮಾರು 2,023 ಚದರ ಮೀಟರ್. ಸುತ್ತಲೂ ಬಿಡಬೇಕಾದ ಖಾಲಿ ಜಾಗ, ಇಳಿಜಾರು, ಲಿಫ್ಟ್, ಜನರೇಟರ್, ನೀರಿನ ಸಂಪ್ ಎಲ್ಲ ಕಳೆಯಿರಿ. ಎರಡು ಬೇಸ್‌ಮೆಂಟ್ ತೋಡಿದರೂ ಅತಿಥಿಗಳ ಕಾರು ಹಿಡಿಸುವುದು ಕಷ್ಟ. ಶಾಪಿಂಗ್‌ಗೆ ಬರುವವರು, ಮದುವೆ ಹಾಲ್ ಇದ್ದರೆ ಮದುವೆಗೆ ಬರುವವರು, ಕೆಲಸದವರ ಬೈಕು, ಸಾಮಾನು ಇಳಿಸುವ ಟೆಂಪೊ ಇದರಲ್ಲಿ ಸೇರಿಲ್ಲ. ಇವೆಲ್ಲ ಎಲ್ಲಿ ನಿಲ್ಲುತ್ತವೆ? ಎಂ.ಜಿ. ರಸ್ತೆಯಲ್ಲೋ ಐ.ಜಿ. ರಸ್ತೆಯಲ್ಲೋ ನಮ್ಮ ನಿಮ್ಮ ಅಂಗಡಿಗಳ ಮುಂದೆ.

ನಕ್ಷೆಯಲ್ಲಿ ಪಾರ್ಕಿಂಗ್ ತೋರಿಸದೇ ಇರುವವರು ಯಾರೂ ಇಲ್ಲ. ತೊಂದರೆ ಶುರುವಾಗುವುದು ಕಟ್ಟಿದ ಮೇಲೆ. ನಾನಿರುವ ಕಾಂಪ್ಲೆಕ್ಸಿನ ನಕ್ಷೆಯಲ್ಲೂ ಬೇಸ್‌ಮೆಂಟ್ ಪಾರ್ಕಿಂಗ್ ಇದೆ. ನಾನು ಅಂಗಡಿ ಹಿಡಿದಾಗ ಅಲ್ಲಿ ಬೈಕ್ ನಿಲ್ಲಿಸುತ್ತಿದ್ದೆವು. ಆಮೇಲೆ ಒಂದು ಮೂಲೆಗೆ ಗೋಡೆ ಎದ್ದಿತು, ಗೋಡೌನ್ ಆಯಿತು. ಇನ್ನೊಂದು ಮೂಲೆ ಬಾಡಿಗೆಗೆ ಹೋಯಿತು. ಈಗ ಅಲ್ಲಿ ಪ್ಲಾಸ್ಟಿಕ್ ಚೇರು, ಹಾಸಿಗೆ, ರಟ್ಟಿನ ಡಬ್ಬ ತುಂಬಿವೆ. ಜುಲೈ ಮಳೆಗೆ ನೀರು ನುಗ್ಗಿದಾಗ ಮೋಟಾರ್ ಹಚ್ಚಿ ಎತ್ತುತ್ತಾರೆ. ಗಿರಾಕಿಗಳು ಬೈಕನ್ನು ರಸ್ತೆಯಲ್ಲಿ ನಿಲ್ಲಿಸಿ, ಒಂದು ಕಣ್ಣು ಟೋಯಿಂಗ್ ಗಾಡಿಯ ಮೇಲೆ ಇಟ್ಟು ಜೆರಾಕ್ಸ್ ಮಾಡಿಸಿಕೊಳ್ಳುತ್ತಾರೆ. ಮಾಲೀಕರನ್ನು ಕೇಳಿದರೆ ಎಲ್ಲರೂ ಹೀಗೇ ಮಾಡುತ್ತಾರೆ ಅನ್ನುತ್ತಾರೆ. ಕೇಳಬೇಕಾದವರು ಬಂದು ನೋಡಿದ್ದನ್ನು ನಾನು ಕಂಡಿಲ್ಲ. ಇಷ್ಟು ಸಣ್ಣ ಕಾಂಪ್ಲೆಕ್ಸಿನಲ್ಲೇ ಹೀಗಾದರೆ, ನೂರು ಕೋಣೆ ಮತ್ತು ಐವತ್ತು ಮಳಿಗೆಯ ಕಟ್ಟಡದಲ್ಲಿ ಏನಾಗಬಹುದು ಯೋಚಿಸಿ.

ಕಾರಿನ ಹಾವಳಿ ನಿಮಗೂ ಹೊಸದಲ್ಲ. 2022ರಲ್ಲಿ ಕುರಿಂಜಿ ಹೂ ಅರಳಿದಾಗ ಬಾಬಾಬುಡನ್‌ಗಿರಿ ದಾರಿಯಲ್ಲಿ ವಾಹನ ಸಾಲುಗಟ್ಟಿ ನಿಂತದ್ದನ್ನು ನಿಯಂತ್ರಿಸಿದವರೇ ನೀವು. ಹಾಗಾಗಿ ಒಂದು ಷರತ್ತು ಸೇರಿಸಿ. ದೊಡ್ಡ ಹೋಟೆಲ್ ಕಟ್ಟುವವರು ತಮ್ಮ ಅತಿಥಿಗಳಿಗೆ ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿಗೆ ಹೋಗಿಬರಲು ಮಿನಿ ಬಸ್ಸಿನ ವ್ಯವಸ್ಥೆ ಮಾಡಬೇಕು. ಕಾರು ಬೇಸ್‌ಮೆಂಟಿನಲ್ಲೇ ಇರಲಿ, ಜನ ಒಟ್ಟಿಗೆ ಬೆಟ್ಟ ಹತ್ತಲಿ. ಇದಾದರೆ ಹೋಟೆಲ್ ಊರೊಳಗೆ ಬಂದದ್ದಕ್ಕೂ ಸಾರ್ಥಕ.

ಕಾರಿನ ಮಾತು ಬಂದಾಗ ಡ್ರೈವರ್‌ಗಳನ್ನು ಬಿಡುವ ಹಾಗಿಲ್ಲ. ಡಿಸೆಂಬರ್, ಜನವರಿಯ ಚಳಿಯಲ್ಲಿ ರಾತ್ರಿ ಹನ್ನೊಂದರ ಮೇಲೆ ಊರಿನ ದೊಡ್ಡ ಲಾಡ್ಜುಗಳ ಮುಂದೆ ಒಮ್ಮೆ ಓಡಾಡಿ ನೋಡಿ. ಟ್ಯಾಕ್ಸಿ, ಟೆಂಪೊ ಟ್ರಾವೆಲರ್‌ಗಳಲ್ಲಿ ಸೀಟು ಹಿಂದಕ್ಕೆ ಬಾಗಿಸಿ, ಟವೆಲ್ ಸುತ್ತಿಕೊಂಡು ಮಲಗಿರುತ್ತಾರೆ. ಬೆಳಿಗ್ಗೆ ಶೌಚಕ್ಕೆ ಹೋಗಲು ಜಾಗ ಹುಡುಕುತ್ತಾರೆ. ಆಮೇಲೆ ನಿದ್ದೆಗೆಟ್ಟ ಕಣ್ಣಲ್ಲೇ ಕುಟುಂಬಗಳನ್ನು ಬೆಟ್ಟದ ತಿರುವುಗಳಲ್ಲಿ ಕರೆದುಕೊಂಡು ಹೋಗುತ್ತಾರೆ. ತಮಿಳುನಾಡು ಸರ್ಕಾರ 2023ರಲ್ಲಿ ತನ್ನ ಕಟ್ಟಡ ನಿಯಮಕ್ಕೆ ತಿದ್ದುಪಡಿ ತಂದು, ಹೋಟೆಲ್, ಲಾಡ್ಜುಗಳಲ್ಲಿ ಡ್ರೈವರ್‌ಗಳಿಗೆ ಮಲಗುವ ಜಾಗ ಮತ್ತು ಶೌಚಾಲಯ ಕಡ್ಡಾಯ ಮಾಡಿತು. ನಮ್ಮಲ್ಲಿ ನಿಯಮ ಬರುವ ತನಕ ಕಾಯಬೇಕಿಲ್ಲ. ಅನುಮತಿ ಕೊಡುವಾಗ ನೀವೇ ಕೇಳಬಹುದು.

ನೀರಿನ ವಿಷಯ. ಚಿಕ್ಕಮಗಳೂರಿಗೆ ನೀರು ಬರುವುದು ಹಿರೇಕೊಳಲೆ ಕೆರೆಯಿಂದ, ಬೇಲೂರಿನ ಯಗಚಿ ಜಲಾಶಯದಿಂದ. ಯಗಚಿ ಹುಟ್ಟುವುದು ನಮ್ಮದೇ ಬಾಬಾಬುಡನ್‌ಗಿರಿ ಸಾಲಿನಲ್ಲಿ. ಅದು ಕೆಳಗೆ ಹರಿದು ಬೇಲೂರು ಸೇರುತ್ತದೆ. ಅಲ್ಲಿಂದ ಆ ನೀರನ್ನು ಪಂಪ್ ಮಾಡಿ ಮತ್ತೆ ಮೇಲಕ್ಕೆ ತಂದು ನಾವು ಕುಡಿಯುತ್ತೇವೆ. ಅಂದರೆ ಈ ಊರಿನ ಚರಂಡಿ ನೀರನ್ನು ಸರಿಯಾಗಿ ಶುದ್ಧ ಮಾಡದೆ ಹಳ್ಳಕ್ಕೆ ಬಿಟ್ಟರೆ ಬೇಲೂರಿನವರಿಗೆ ಮಾತ್ರ ಅನ್ಯಾಯ ಅಲ್ಲ, ಅದು ಸುತ್ತಿ ಬಂದು ನಮ್ಮ ನಲ್ಲಿಗೇ ಬರುತ್ತದೆ. ಹೋಟೆಲಿಗೆ ಒಂದು ಹಾಸಿಗೆಗೆ ದಿನಕ್ಕೆ 180 ಲೀಟರ್, ಐದು ತಾರೆಯದಾದರೆ 320 ಲೀಟರ್ ಎಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಲೆಕ್ಕ ಹಾಕಿದೆ. ನೂರು ಕೋಣೆ, ಕೋಣೆಗೆ ಇಬ್ಬರು ಅಂದರೆ ದಿನಕ್ಕೆ 36,000 ಲೀಟರ್. ನಗರದ ಮನೆಗಳಿಗೆ ತಲೆಗೆ 135 ಲೀಟರ್ ಎನ್ನುವ ಸರ್ಕಾರಿ ಲೆಕ್ಕ ಹಿಡಿದರೆ, ನಾಲ್ಕು ಜನರ ಮನೆಗೆ 540 ಲೀಟರ್. ಆ ಒಂದು ಕಟ್ಟಡ ಅರವತ್ತಾರು ಮನೆಯ ನೀರು ಕುಡಿಯುತ್ತದೆ. ಅಂಗಡಿ, ಲಾಂಡ್ರಿ, ಈಜುಕೊಳ ಬಿಟ್ಟೇ ಇಷ್ಟು.

ಮಳೆ ಸುರಿಯುವ ಊರಿಗೆ ನೀರಿನ ಚಿಂತೆ ಯಾಕೆ ಎಂದು ಹೊರಗಿನವರು ಕೇಳಬಹುದು. ಏಪ್ರಿಲ್‌ನಲ್ಲಿ ಟ್ಯಾಂಕರ್ ಹಿಂದೆ ಓಡಿದವರಿಗೆ ಈ ಪ್ರಶ್ನೆ ಬರುವುದಿಲ್ಲ. ಅಷ್ಟು ದೊಡ್ಡ ಚಾವಣಿ ಇರುವ ಕಟ್ಟಡ ಮಳೆನೀರು ಹಿಡಿಯಲೇಬೇಕು. ತನ್ನ ಕೊಳಚೆ ನೀರನ್ನು ತಾನೇ ಶುದ್ಧ ಮಾಡಿ ಫ್ಲಶ್‌ಗೆ, ಗಿಡಗಳಿಗೆ ಬಳಸಬೇಕು. ಆ ಶುದ್ಧೀಕರಣ ಘಟಕ ನಡೆಯುತ್ತಿದೆಯಾ, ಕರೆಂಟು ಬಿಲ್ಲು ಉಳಿಸಲು ಬಂದ್ ಮಾಡಿದ್ದಾರಾ ಎಂದು ನಗರಸಭೆಯವರು ಹೇಳದೆ ಕೇಳದೆ ಹೋಗಿ ನೋಡಬೇಕು. ಹೊಸ ಬೋರ್‌ವೆಲ್‌ಗೆ ಅನುಮತಿ ಕೊಟ್ಟು ಕೈತೊಳೆದುಕೊಳ್ಳಬೇಡಿ. ಅದರಿಂದ ಬತ್ತುವುದು ಪಕ್ಕದ ಮನೆಗಳ ಬಾವಿ.

ಈಗ ನನಗೆ ಎಲ್ಲಕ್ಕಿಂತ ಜಾಸ್ತಿ ಭಯ ಹುಟ್ಟಿಸುವ ವಿಷಯ, ಬೆಂಕಿ.

ಹೋಟೆಲ್ ಮತ್ತು ಶಾಪಿಂಗ್ ಒಂದೇ ಕಟ್ಟಡದಲ್ಲಿ ಇರುವುದು ಬೇರೆಯೇ ಥರದ ಅಪಾಯ. ಕೆಳಗೆ ಬಟ್ಟೆ ಅಂಗಡಿ, ಪ್ಲಾಸ್ಟಿಕ್ ಸಾಮಾನು, ಅಡುಗೆಮನೆಯ ಗ್ಯಾಸು, ದೀಪದ ಅಲಂಕಾರ, ಒಂದರ ಮೇಲೊಂದು ಎಳೆದ ವೈರು. ಮೇಲೆ ನಿದ್ದೆ ಮಾಡುತ್ತಿರುವ ಜನ. ಅವರು ಈ ಊರಿಗೆ ಹೊಸಬರು, ಮೆಟ್ಟಿಲು ಎಲ್ಲಿದೆ ಎಂದೂ ನೋಡಿಟ್ಟುಕೊಂಡಿರುವುದಿಲ್ಲ. ಇಂಥ ಕಡೆ ಹೆಚ್ಚಿನವರನ್ನು ಕೊಲ್ಲುವುದು ಉರಿಯಲ್ಲ, ಹೊಗೆ. ಲಿಫ್ಟಿನ ಗೂಡು, ವೈರು ಹೋಗುವ ಡಕ್ಟು, ಎಸಿ ಪೈಪು ಇವೆಲ್ಲ ಹೊಗೆಗೆ ಚಿಮಣಿ ಆಗುತ್ತವೆ. ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 2010ರ ಫೆಬ್ರುವರಿ 23ರಂದು ಆದದ್ದು ಇದೇ. ಏಳು ಮಹಡಿಯ ಕಟ್ಟಡ, ಅದೂ ಹಾಡಹಗಲು. ಹೊಗೆ ಮೇಲೇರಿತು. ಜನ ಗಾಜು ಒಡೆದು ಕೆಳಗೆ ಹಾರಿದರು. ಒಂಬತ್ತು ಜನ ಸತ್ತರು. 2019ರ ಫೆಬ್ರುವರಿಯಲ್ಲಿ ದೆಹಲಿಯ ಕರೋಲ್ ಬಾಗ್‌ನ ಹೋಟೆಲಿನಲ್ಲಿ ಬೆಳಗಿನ ಜಾವ ಬೆಂಕಿ ಬಿದ್ದು 17 ಜನ ಹೋದರು. 2025ರ ಏಪ್ರಿಲ್‌ನಲ್ಲಿ ಕೋಲ್ಕತ್ತಾದ ಬುರ್ರಾಬಜಾರಿನ ಹೋಟೆಲಿನಲ್ಲಿ 14 ಜನ. ಅಲ್ಲೂ ಹೆಚ್ಚಿನವರು ಉಸಿರು ಕಟ್ಟಿಯೇ ಸತ್ತದ್ದು. ಇವು ಯಾವುವೂ ಮುಗಿಲು ಮುಟ್ಟುವ ಕಟ್ಟಡಗಳಲ್ಲ. ನಮ್ಮೂರಲ್ಲಿ ಬರಬಹುದಾದ ಅಳತೆಯವೇ.

ರಾಷ್ಟ್ರೀಯ ಕಟ್ಟಡ ಸಂಹಿತೆ 2016ರ ಪ್ರಕಾರ 15 ಮೀಟರ್ ಮುಟ್ಟಿದ ಕಟ್ಟಡವೇ ಬಹುಮಹಡಿ ಕಟ್ಟಡ. ನಾಲ್ಕೈದು ಮಹಡಿಗೇ ಆ ಮಟ್ಟ ಬಂದುಬಿಡುತ್ತದೆ. 24 ಮೀಟರ್ ದಾಟಿದರೆ ಜನ ಬಂದು ನಿಂತು ಕಾಯಲು ಸುರಕ್ಷಿತ ಜಾಗ ಬೇರೆ ಬಿಡಬೇಕು. 2023ರಲ್ಲಿ ರಾಜ್ಯದ ಅಗ್ನಿಶಾಮಕ ದಳಕ್ಕೆ 90 ಮೀಟರ್ ಎತ್ತರ ತಲುಪುವ ಏಣಿ ವಾಹನ ಫಿನ್ಲೆಂಡಿನಿಂದ ಬಂತು. ಸಂತೋಷ. ಆದರೆ ಅದನ್ನು ತಂದದ್ದು ಬೆಂಗಳೂರಿಗೆ. ಬೆಂಗಳೂರು ಇಲ್ಲಿಂದ ಸುಮಾರು 240 ಕಿಲೋಮೀಟರ್. ನಮ್ಮ ಠಾಣೆಯ ಏಣಿ ಎಷ್ಟನೇ ಮಹಡಿಯ ಕಿಟಕಿ ಮುಟ್ಟುತ್ತದೆ? ಅದನ್ನು ಅಳತೆ ಸಮೇತ ಊರಿಗೆ ತಿಳಿಸಿ. ಏಣಿ ಮುಟ್ಟದ ಮಹಡಿಗೆ ಕೋಣೆ ಕಟ್ಟುವ ಮೊದಲು ಏಣಿ ತರಿಸಬೇಕು, ಅದಕ್ಕೆ ಕಟ್ಟುವವರಿಂದಲೂ ಹಣ ಪಡೆಯಬೇಕು. ಏಣಿ ಬಂದರೂ ಆ ವಾಹನ ಕಟ್ಟಡದ ಸುತ್ತ ತಿರುಗಲು ಜಾಗ ಬೇಡವೇ? ಸುತ್ತಲೂ ಬಿಟ್ಟ ಜಾಗವನ್ನು ನಾಲ್ಕೇ ತಿಂಗಳಲ್ಲಿ ಐಸ್‌ಕ್ರೀಂ ಸ್ಟಾಲಿಗೋ ಜನರೇಟರಿಗೋ ಕೊಟ್ಟುಬಿಡುತ್ತಾರೆ. ಬೇಸ್‌ಮೆಂಟು ಗೋಡೌನ್ ಆಗಿ ಅದರಲ್ಲಿ ಹಾಸಿಗೆ, ರಟ್ಟು ತುಂಬಿದ್ದರೆ ಹೊಗೆ ಹುಟ್ಟುವುದೇ ಅಲ್ಲಿ. ನಾನು ಪಾರ್ಕಿಂಗ್ ಬಗ್ಗೆ ಅಷ್ಟು ಉದ್ದ ಬರೆದದ್ದು ಕಾರಿಗಾಗಿ ಮಾತ್ರ ಅಲ್ಲ.

ಹೋಟೆಲಿನ ಮೆಟ್ಟಿಲು ಬೇರೆ, ಮಳಿಗೆಗಳ ಮೆಟ್ಟಿಲು ಬೇರೆ ಇರಬೇಕು. ರಾತ್ರಿ ಅಂಗಡಿ ಬಾಗಿಲು ಹಾಕಿ ಶಟರ್ ಎಳೆದ ಮೇಲೂ ಅತಿಥಿಗಳು ರಸ್ತೆಗೆ ಓಡಿ ಬರುವ ದಾರಿ ತೆರೆದೇ ಇರಬೇಕು. ವರ್ಷಕ್ಕೊಮ್ಮೆಯಾದರೂ ಅಗ್ನಿಶಾಮಕ ಸಿಬ್ಬಂದಿ ಬಂದು ಕೆಲಸದವರಿಗೆ ಅಭ್ಯಾಸ ಮಾಡಿಸಬೇಕು. ರೂಮ್ ಬಾಯ್‌ಗಳು, ಅಡುಗೆಯವರು, ಸೆಕ್ಯೂರಿಟಿಯವರು ನಮ್ಮೂರಿನ ಸುತ್ತಲ ಹಳ್ಳಿಗಳ ಹುಡುಗರೇ ಆಗಿರುತ್ತಾರೆ. ಅನಾಹುತ ಆದರೆ ಹೊಗೆಯೊಳಗೆ ನುಗ್ಗಿ ಜನರನ್ನು ಹೊರಗೆ ತರುವವರೂ ಅವರೇ.

ಇನ್ನು ನನ್ನ ಹೊಟ್ಟೆಪಾಡಿನ ವಿಷಯ, ಮಳಿಗೆಗಳು. ದೊಡ್ಡ ಕಾಂಪ್ಲೆಕ್ಸ್ ಬಂದರೆ ನಮ್ಮ ವ್ಯಾಪಾರ ಹೋಗುತ್ತದೆ ಎಂದು ಅನೇಕ ಅಂಗಡಿಯವರು ಹೆದರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ರಾತ್ರಿ ಊರೊಳಗೆ ಉಳಿಯುವ ಜನ ಜಾಸ್ತಿ ಆದರೆ ಕಾಫಿಪುಡಿ ಅಂಗಡಿಗೆ, ಮೆಡಿಕಲ್ ಶಾಪಿಗೆ, ದೋಸೆ ಕ್ಯಾಂಟೀನಿಗೆ, ಆಟೋದವರಿಗೆ ಎಲ್ಲರಿಗೂ ವ್ಯಾಪಾರ. ಆದರೆ ಕಟ್ಟಡ ರಸ್ತೆಗೆ ಬೆನ್ನು ತಿರುಗಿಸಿ ನಿಲ್ಲಬಾರದು. ಸುತ್ತ ಗಾಜಿನ ಗೋಡೆ, ಒಂದೇ ದೊಡ್ಡ ಬಾಗಿಲು, ಒಳಗೆ ಎಸಿಯಲ್ಲಿ ಎಲ್ಲ ಅಂಗಡಿ ಎಂದು ಕಟ್ಟಿದರೆ ಒಳಗೆ ಹೋದ ಗಿರಾಕಿ ಹೊರಗಿನ ರಸ್ತೆಗೆ ಬರುವುದೇ ಇಲ್ಲ. ಆ ಗೋಡೆಯ ಉದ್ದಕ್ಕೂ ಫುಟ್‌ಪಾತ್ ಸತ್ತುಹೋಗುತ್ತದೆ. ನೆಲಮಹಡಿಯ ಮಳಿಗೆಗಳ ಶಟರ್ ರಸ್ತೆಗೆ ತೆರೆಯಲಿ. ಮುಂದೆ ಮಳೆಯಲ್ಲಿ ನೆನೆಯದ ಹಾಗೆ ಅಗಲವಾದ ಜಗಲಿ ಇರಲಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಕೊಡೆ ಹಿಡಿದು ನಡೆಯುವ ಊರಿಗೆ ಅದಕ್ಕಿಂತ ದೊಡ್ಡ ಉಪಕಾರ ಇಲ್ಲ.

ನೆಲಮಹಡಿಯ ಒಂದು ಪಾಲನ್ನಾದರೂ ನೂರು, ನೂರೈವತ್ತು ಚದರ ಅಡಿಯ ಸಣ್ಣ ಮಳಿಗೆಗಳಾಗಿ ಉಳಿಸಿ. ಈಗ ದೊಡ್ಡ ಕಾಂಪ್ಲೆಕ್ಸುಗಳಲ್ಲಿ ಕೇಳುವ ಅಡ್ವಾನ್ಸ್ ಹಣಕ್ಕೆ ಸ್ಥಳೀಯ ಹುಡುಗರು ಕೈ ಹಾಕುವ ಹಾಗೇ ಇಲ್ಲ. ಸ್ವಸಹಾಯ ಸಂಘದ ಮಹಿಳೆಯರು ಮಾಡಿದ ಉಪ್ಪಿನಕಾಯಿ, ಸಣ್ಣ ಬೆಳೆಗಾರರ ಕಾಫಿ, ಮೆಣಸು, ಏಲಕ್ಕಿ, ಜೇನು ಇಟ್ಟು ಮಾರಲು ಜಾಗ ಸಿಕ್ಕರೆ ಪ್ರವಾಸಿ ಅದನ್ನೇ ಹುಡುಕಿ ಬರುತ್ತಾನೆ. ಬೆಂಗಳೂರಿನಲ್ಲಿ ಸಿಗುವ ಶೂ, ಶರಟು ಕೊಳ್ಳಲು ಅವನು ಇಲ್ಲಿಗೆ ಬರುವುದಿಲ್ಲ. ಆ ಜಾಗದಲ್ಲಿ ಈಗ ಚುರುಮುರಿ, ಟೀ, ಹೂವಿನ ಗಾಡಿ ಇಟ್ಟವರಿದ್ದರೆ ಅವರನ್ನು ಎತ್ತಂಗಡಿ ಮಾಡುವ ಮೊದಲು ಅವರಿಗೆ ರಕ್ಷಣೆ ಕೊಡುವ 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ನೆನಪಿರಲಿ. ನೆಲಮಹಡಿಯಲ್ಲಿ ಹೊರಗಿನವರೂ ಬಳಸಬಹುದಾದ ಶೌಚಾಲಯ ಒಂದಿರಲಿ. ಹಳ್ಳಿಯಿಂದ ಪೇಟೆಗೆ ಬಂದ ಹೆಣ್ಣುಮಕ್ಕಳು ಅದಕ್ಕಾಗಿ ಎಷ್ಟು ಪರದಾಡುತ್ತಾರೆ ಎಂದು ಅಂಗಡಿ ಇಟ್ಟವರಿಗೆಲ್ಲ ಗೊತ್ತು.

ಇದನ್ನೆಲ್ಲ ಷರತ್ತಾಗಿ ಬರೆಯುವುದು ಸುಲಭ, ಉಳಿಸಿಕೊಳ್ಳುವುದು ಕಷ್ಟ ಅಲ್ವಾ? ನಿಮ್ಮ ಕೈಯಲ್ಲಿ ಒಂದು ಬೀಗ ಇದೆ. ಸ್ವಾಧೀನಾನುಭವ ಪತ್ರ, ಅಂದರೆ ಕಟ್ಟಡ ನಕ್ಷೆಯಂತೆ ಇದೆ, ಬಳಸಬಹುದು ಎನ್ನುವ ಪತ್ರ ಇಲ್ಲದ ಕಟ್ಟಡಕ್ಕೆ ನೀರು, ವಿದ್ಯುತ್ ಸಂಪರ್ಕ ಕೊಡಬಾರದು ಎಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಸ್ಪಷ್ಟವಾಗಿ ಹೇಳಿದೆ. ಆ ಪತ್ರಕ್ಕೆ ಸಹಿ ಹಾಕುವ ದಿನ ನಕ್ಷೆ ಹಿಡಿದು ಬೇಸ್‌ಮೆಂಟಿಗೆ ಇಳಿಯಿರಿ. ಕಾರಿನ ಗೆರೆ ಎಣಿಸಿ. ಮೆಟ್ಟಿಲ ಬಾಗಿಲು ತಳ್ಳಿ ನೋಡಿ. ಒಂದು ವರ್ಷ ಬಿಟ್ಟು ಮತ್ತೆ ಬಂದು ಅದೇ ಗೆರೆ ಎಣಿಸಿ. ಗೋಡೆ ಎದ್ದಿದ್ದರೆ ದಂಡ ಹಾಕಿ ಸಕ್ರಮ ಮಾಡಬೇಡಿ, ಒಡೆಸಿ. ಅದೇ ಕಾನೂನನ್ನು ಈಗಾಗಲೇ ಇರುವ ಕಾಂಪ್ಲೆಕ್ಸುಗಳಿಗೂ ಹಚ್ಚಿ. ನಾನಿರುವ ಕಟ್ಟಡದಿಂದಲೇ ಶುರುಮಾಡಿದರೂ ನನ್ನ ಅಭ್ಯಂತರ ಇಲ್ಲ. ಗೋಡೌನ್ ಖಾಲಿ ಮಾಡುವ ದಿನ ಅಂಗಡಿ ಮುಚ್ಚಬೇಕಾಗಿ ಬಂದರೂ ಸರಿ.

ಹೋಟೆಲ್ ಕಟ್ಟಲು ಹೊರಟವರಿಗೂ ಒಂದು ಮಾತು. ನೀವು ಹಾಕುವ ಹಣ ದೊಡ್ಡದು, ಅದರ ಬಗ್ಗೆ ನನಗೆ ಗೌರವ ಇದೆ. ಒಂದು ಮಹಡಿ ಕಡಿಮೆ ಮಾಡಿ ಆ ಹಣವನ್ನು ಬೇಸ್‌ಮೆಂಟಿಗೆ, ಇನ್ನೊಂದು ಮೆಟ್ಟಿಲಿಗೆ ಹಾಕಿದರೆ ನಿಮ್ಮ ಹೋಟೆಲಿನ ಮುಂದೆ ಟ್ರಾಫಿಕ್ ಜಾಮ್ ಇರುವುದಿಲ್ಲ. ಅತಿಥಿ ಮತ್ತೆ ಬರುತ್ತಾನೆ.

ಕೊನೆಯದಾಗಿ, ಇಂಥ ಯಾವುದೇ ಅರ್ಜಿ ಬಂದರೂ ಅದರ ನಕ್ಷೆಯನ್ನು ಕನ್ನಡದ ವಿವರಣೆ ಜೊತೆ ನಗರಸಭೆಯ ಮುಂದೆ ಎಲ್ಲರಿಗೂ ಕಾಣುವ ಹಾಗೆ ಹಾಕಿ. ಎಷ್ಟು ಕೋಣೆ, ಎಷ್ಟು ಕಾರು, ದಿನಕ್ಕೆ ಎಷ್ಟು ಲೀಟರ್ ನೀರು, ಅದು ಎಲ್ಲಿಂದ, ಕೊಳಚೆ ಎಲ್ಲಿಗೆ, ಏಣಿ ಎಷ್ಟನೇ ಮಹಡಿಗೆ ಎಂದು ದೊಡ್ಡ ಅಕ್ಷರದಲ್ಲಿ ಬರೆಸಿ. ಅನುಮತಿ ಕೊಡುವ ಮೊದಲು ಊರವರ ಸಭೆ ಕರೆಯಿರಿ. ಸಭೆಯನ್ನು ಬೆಳಿಗ್ಗೆ ಹನ್ನೊಂದಕ್ಕೆ ಇಡಬೇಡಿ, ರಾತ್ರಿ ಎಂಟೂವರೆಗೆ ಇಡಿ. ಅಂಗಡಿ ಬಾಗಿಲು ಹಾಕಿ ನಾವೂ ಬರುತ್ತೇವೆ. ಆಟೋದವರು, ಲಾಡ್ಜಿನಲ್ಲಿ ಕೆಲಸ ಮಾಡುವವರು, ಗಾಡಿ ವ್ಯಾಪಾರಿಗಳು ಬರಲಿ. ಅಗ್ನಿಶಾಮಕ ಠಾಣೆಯವರನ್ನೂ ಕರೆಸಿ.

ನಿಮ್ಮ ಉತ್ತರಕ್ಕೆ ಕಾಯುತ್ತಿರುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಬಾಡಿಗೆ ಮಳಿಗೆದಾರ
ಚಿಕ್ಕಮಗಳೂರು